ಲಾರಿಯ ಮಸಿ ಸೆನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಎಸ್-6, ಅಂದರೆ ಭಾರತ್ ಸ್ಟೇಜ್ 6 ಹೊಗೆ ನಿಯಮದ ಲಾರಿಗಳು ಬಂದ ಮೇಲೆ ನನಗೆ ಬರುವ ಫೋನುಗಳೇ ಬದಲಾಗಿವೆ. ಮೊದಲು ಸ್ಟಾರ್ಟರ್, ಆಲ್ಟರ್ನೇಟರ್, ಹೆಡ್‌ಲೈಟ್ ವೈರಿಂಗ್ ಬಗ್ಗೆ ಕೇಳುತ್ತಿದ್ದರು. ಈಗ ಜಾಸ್ತಿ ಕೇಳುವುದು ಸೈಲೆನ್ಸರ್ ಕಡೆಯ ಸೆನ್ಸರ್‌ಗಳ ಬಗ್ಗೆ. ಅದರಲ್ಲೂ ಸೂಟ್ ಸೆನ್ಸರ್ ಅಥವಾ ಪಿಎಂ ಸೆನ್ಸರ್ ಅಂತ ಕರೆಯುವ ಮಸಿ ಸೆನ್ಸರ್ ಹೆಸರಲ್ಲಿ ಮಾಲೀಕರು ಕಳೆದುಕೊಳ್ಳುತ್ತಿರುವ ದುಡ್ಡು ನೋಡಿದರೆ ಹೊಟ್ಟೆ ಉರಿಯುತ್ತದೆ. ಡ್ರೈವರ್‌ಗಳು, ಮಾಲೀಕರು, ಗ್ಯಾರೇಜಿನ ಹುಡುಗರು ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಈ ಸೂಟ್ ಸೆನ್ಸರ್ ಅಂದ್ರೆ ಏನು? ಗಾಡಿಯಲ್ಲಿ ಎಲ್ಲಿರುತ್ತೆ?

ಎಂಜಿನ್ನಿಂದ ಬರುವ ಹೊಗೆ ಡಿಪಿಎಫ್ ಎಂಬ ಫಿಲ್ಟರ್ ದಾಟಿ ಹೊರಗೆ ಹೋಗುತ್ತದೆ. ಆ ಫಿಲ್ಟರ್ ಮಸಿಯನ್ನು ಹಿಡಿಯುತ್ತದೆ. ಹಿಡಿಯದೆ ಬಿಟ್ಟ ಮಸಿ ಎಷ್ಟು ಅಂತ ಕಾಯುವುದು ಈ ಸೆನ್ಸರ್‌ನ ಕೆಲಸ. ಹಾಗಾಗಿ ಇದು ಫಿಲ್ಟರ್‌ನ ಆಚೆ, ಹೊಗೆ ಹೊರಗೆ ಹೋಗುವ ಕಡೆ ಇರುತ್ತದೆ.

ನೋಡಲು ಬೆರಳುದ್ದದ ಪ್ಲಗ್ ತರ ಇದೆ. ಪೈಪಿನೊಳಗೆ ಇಳಿದಿರುವ ತುದಿಗೆ ತೂತುಗಳಿರುವ ಸ್ಟೀಲ್ ಟೋಪಿ. ಹೊರಗಿನಿಂದ ಒಂದು ದಪ್ಪ ವೈರು ಹೊರಟು ಬೆಂಕಿಪೊಟ್ಟಣದಂಥ ಒಂದು ಕಪ್ಪು ಡಬ್ಬಿಗೆ ಸೇರುತ್ತದೆ. ಆ ಡಬ್ಬಿ ಸಣ್ಣ ಕಂಪ್ಯೂಟರ್. ಗಾಡಿಯ ಕಂಪ್ಯೂಟರ್‌ಗಳನ್ನು ಜೋಡಿಸುವ ಕ್ಯಾನ್ ವೈರಿನ ಮೂಲಕ ಅದು ಎಂಜಿನ್ನಿನ ಮುಖ್ಯ ಕಂಪ್ಯೂಟರ್ ಆದ ಇಸಿಯು ಜೊತೆ ಮಾತಾಡುತ್ತದೆ. ಪ್ಲಗ್, ವೈರು, ಡಬ್ಬಿ ಮೂರೂ ಸೇರಿ ಒಂದೇ ಪಾರ್ಟ್.

ಫಿಲ್ಟರ್ ತುಂಬಿದೆ, ರೀಜನ್ ಮಾಡು ಅಂತ ಹೇಳೋದು ಇದೇ ಸೆನ್ಸರ್ ಅಲ್ವಾ?

ಅಲ್ಲ. (ರೀಜನ್ ಅಂದರೆ ಫಿಲ್ಟರ್‌ನಲ್ಲಿ ತುಂಬಿದ ಮಸಿಯನ್ನು ಸುಡುವುದು.) ನಾನು ಕಂಡ ಗೊಂದಲಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಹುಟ್ಟುತ್ತವೆ.

ಫಿಲ್ಟರ್ ತುಂಬಿದ್ದನ್ನು ಹೇಳುವುದು ಒತ್ತಡದ ಸೆನ್ಸರ್, ಅಂದರೆ ಡೆಲ್ಟಾ-ಪಿ. ಅದಕ್ಕೆ ಸಣ್ಣ ಪೈಪುಗಳಿರುತ್ತವೆ. ಅದು ಫಿಲ್ಟರ್‌ನ ಹಿಂದೆ ಮುಂದೆ ಒತ್ತಡ ಎಷ್ಟು ಅಂತ ನೋಡುತ್ತದೆ. ಫಿಲ್ಟರ್ ಕಟ್ಟಿಕೊಂಡಷ್ಟೂ ವ್ಯತ್ಯಾಸ ಜಾಸ್ತಿ. ಇಸಿಯು ಅದರ ಜೊತೆಗೆ ತಾಪಮಾನ, ಓಡಿದ ಗಂಟೆ, ಸುಟ್ಟ ಡೀಸೆಲ್ ಲೆಕ್ಕವನ್ನೂ ಸೇರಿಸಿ ಒಳಗೆ ಎಷ್ಟು ಮಸಿ ಇದೆ ಅಂತ ಅಂದಾಜು ಮಾಡುತ್ತದೆ.

ಮಸಿ ಸೆನ್ಸರ್ ಫಿಲ್ಟರ್‌ನ ಒಳಗೆ ನೋಡುವುದೇ ಇಲ್ಲ. ತೊಟ್ಟಿ ತುಂಬಿದೆಯಾ ಅಂತ ನೋಡುವವನು ಒಬ್ಬ, ತೊಟ್ಟಿ ಸೋರುತ್ತಿದೆಯಾ ಅಂತ ನೋಡುವವನು ಇನ್ನೊಬ್ಬ. ಇದು ಎರಡನೆಯವನು.

ಮಸಿ ಬಂತು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?

ಮನೆಯಲ್ಲಿ ಅಜ್ಜಿ ಕಾಡಿಗೆ ಮಾಡುತ್ತಿದ್ದುದು ನೆನಪಿದೆಯಾ? ಹರಳೆಣ್ಣೆ ದೀಪ ಹಚ್ಚಿ, ಅದರ ಮೇಲೆ ತಾಮ್ರದ ತಟ್ಟೆ ಮಗುಚಿ ಇಡುತ್ತಿದ್ದರು. ಬೆಳಿಗ್ಗೆ ತಟ್ಟೆಯ ತಳದಲ್ಲಿ ಮೆತ್ತನೆಯ ಕಪ್ಪು ಪದರ. ಈ ಸೆನ್ಸರ್ ಮಾಡುವುದೂ ಅದನ್ನೇ. ಹೊಗೆಗೆ ಒಂದು ತಟ್ಟೆ ಹಿಡಿಯುತ್ತದೆ, ಎಷ್ಟು ಬೇಗ ಮಸಿ ಕೂರುತ್ತದೆ ಅಂತ ಕಾಯುತ್ತದೆ.

ಆ ತಟ್ಟೆ ಸೆರಾಮಿಕ್‌ನ ಪುಟ್ಟ ಪಟ್ಟಿ. ಅದರ ಮೇಲೆ ಪ್ಲಾಟಿನಂನ ಎರಡು ಸಣ್ಣ ಬಾಚಣಿಗೆಗಳು. ಒಂದರ ಹಲ್ಲು ಇನ್ನೊಂದರ ಹಲ್ಲುಗಳ ನಡುವೆ ಇದೆ, ಆದರೆ ತಾಕುವುದಿಲ್ಲ. ಸೆರಾಮಿಕ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಮಸಿ ಇಂಗಾಲ, ಅದರಲ್ಲಿ ಹರಿಯುತ್ತದೆ. ಮಸಿ ಕೂರುತ್ತಾ ಹೋದಂತೆ ಹಲ್ಲಿನಿಂದ ಹಲ್ಲಿಗೆ ಸೇತುವೆ ಕಟ್ಟುತ್ತದೆ. ಆಗ ಮೈಕ್ರೋ ಆಂಪಿಯರ್ ಲೆಕ್ಕದ ಸಣ್ಣ ಕರೆಂಟ್ ಹರಿಯಲು ಶುರುವಾಗುತ್ತದೆ. ಡಬ್ಬಿ ಅದನ್ನು ಓದುತ್ತದೆ.

ತಟ್ಟೆ ತುಂಬಿದರೆ ಒರೆಸಬೇಕಲ್ಲ? ಪಟ್ಟಿಯ ಹಿಂದೆ ಹೀಟರ್ ಇದೆ. ಅದು 600 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಆಮೇಲೆ ಆರಿಸಿಕೊಂಡು ಮತ್ತೆ ಮೊದಲಿನಿಂದ.

ನನ್ನದು 2021ರ ಬಿಎಸ್-6 ಗಾಡಿ. ಇದರಲ್ಲಿ ಈ ಸೆನ್ಸರ್ ಇದೆಯಾ?

ಇರಬಹುದು, ಇಲ್ಲದೆಯೂ ಇರಬಹುದು. ಬಿಎಸ್-6 ದೇಶದಾದ್ಯಂತ ಜಾರಿಗೆ ಬಂದದ್ದು 1 ಏಪ್ರಿಲ್ 2020ಕ್ಕೆ. ಆಗ ಡಿಪಿಎಫ್ ಬಂತು. ಡೀಸೆಲ್‌ನ ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಎರಡನೇ ಹಂತ 1 ಏಪ್ರಿಲ್ 2023ಕ್ಕೆ ಬಂತು. ಫಿಲ್ಟರ್ ಸರಿ ಇದೆಯಾ ಅಂತ ಗಾಡಿ ತಾನೇ ಕಾಯಬೇಕೆನ್ನುವ ನಿಯಮ ಆಗ ಬಿಗಿಯಾಯಿತು. ಈ ಸೆನ್ಸರನ್ನೇ ಹಾಕಿ ಅಂತ ನಿಯಮ ಹೇಳುವುದಿಲ್ಲ. ಆದರೆ ಅಷ್ಟು ಸಣ್ಣ ಸೋರಿಕೆಯನ್ನು ಒತ್ತಡ ನೋಡಿ ಹಿಡಿಯುವುದು ಕಷ್ಟ, ಹಾಗಾಗಿ ಕಂಪನಿಗಳು ಇದನ್ನು ಹಾಕುತ್ತವೆ. ನಿಮ್ಮ ಗಾಡಿಯ ಔಟ್‌ಲೆಟ್ ಹತ್ತಿರ ಬಗ್ಗಿ ನೋಡಿ. ಅಲ್ಲಿ ಸಾಮಾನ್ಯವಾಗಿ ನಾಕ್ಸ್, ಅಂದರೆ ನೈಟ್ರೋಜನ್ ಆಕ್ಸೈಡ್ ಅನಿಲ ಅಳೆಯುವ ಸೆನ್ಸರ್ ಕೂಡ ಇರುತ್ತದೆ. ಎರಡೂ ಒಂದೇ ತರ ಕಾಣುತ್ತವೆ, ಪಾರ್ಟ್ ನಂಬರ್ ನೋಡಿಯೇ ಹೇಳಬೇಕು.

ಸಿಎನ್‌ಜಿ ಲಾರಿಗೆ ಡಿಪಿಎಫ್ ಇಲ್ಲ, ಹಾಗಾಗಿ ಇದೂ ಇಲ್ಲ.

ಈಗಿನ ಗಾಡಿಯಲ್ಲಿ ಹೊಗೆಯೇ ಕಾಣಲ್ಲ. ಕಾಣದ ಮಸಿಗೆ ಇಷ್ಟೆಲ್ಲ ಯಾಕೆ?

ಕಾಣದ್ದೇ ಅಪಾಯ. ಡೀಸೆಲ್ ಮಸಿಯ ಕಣ ಹೆಚ್ಚಾಗಿ 100 ನ್ಯಾನೋಮೀಟರ್ ಆಸುಪಾಸಿನದು. ತಲೆಕೂದಲಿನ ದಪ್ಪದಲ್ಲಿ ಇಂಥ ಐನೂರು ಕಣಗಳನ್ನು ಸಾಲಾಗಿ ಇಡಬಹುದು. ಮೂಗಿನ ಕೂದಲು ಇದನ್ನು ತಡೆಯಲ್ಲ, ಶ್ವಾಸಕೋಶದ ತಳದವರೆಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಈ ಹೊಗೆಯನ್ನು ಮೊದಲು ಕುಡಿಯುವವರು ನಾವೇ. ಎಂಜಿನ್ ಆನ್ ಇಟ್ಟುಕೊಂಡು ಪಿಟ್‌ನಲ್ಲಿ ಕೆಲಸ ಮಾಡುವ ಹುಡುಗ, ಲೋಡಿಂಗ್‌ಗೆ ಸಾಲಲ್ಲಿ ನಿಂತ ಡ್ರೈವರ್, ಎಪಿಎಂಸಿ ಯಾರ್ಡಿನ ಹಮಾಲಿ. ನನ್ನ ಜೊತೆ ಕೆಲಸ ಕಲಿತವರಲ್ಲಿ ರಾತ್ರಿಯಿಡೀ ಕೆಮ್ಮುವವರಿದ್ದಾರೆ. ಬಿಎಸ್-6 ಲಾರಿ ಎಂಜಿನ್ ಒಂದು ಕಿಲೋವಾಟ್ ಅವರ್ ಕೆಲಸಕ್ಕೆ 10 ಮಿಲಿಗ್ರಾಂಗಿಂತ ಜಾಸ್ತಿ ಮಸಿ ಬಿಡುವಂತಿಲ್ಲ. ಫಿಲ್ಟರ್ ಸರಿಯಿದ್ದರೆ ಮಾತ್ರ ಆ ಲೆಕ್ಕ ನಿಲ್ಲುತ್ತದೆ.

## ಲೈಟ್ ಬಂದಾಗ

ಸ್ಕ್ಯಾನರ್ ಹಾಕಿದ್ರೆ ಸೂಟ್ ಸೆನ್ಸರ್ ಅಂತ ತೋರಿಸ್ತು. ಸೆನ್ಸರ್ ಬದಲಿಸಿದ್ರೆ ಸಾಕಾ?

ಕೋಡ್ ಪೂರ್ತಿ ಓದುವವರೆಗೆ ಸ್ಪ್ಯಾನರ್ ಮುಟ್ಟಬೇಡಿ. ಇದೊಂದೇ ಮಾತು ನೆನಪಿಟ್ಟರೂ ನಾನು ಇಷ್ಟು ಬರೆದದ್ದು ಸಾರ್ಥಕ.

ಕೋಡ್ ಎರಡು ಜಾತಿ. ಒಂದು, ಸೆನ್ಸರ್‌ಗೇ ಹುಷಾರಿಲ್ಲ ಎನ್ನುವುದು: ಹೀಟರ್ ಕಟ್, ವೈರ್ ಶಾರ್ಟ್, ಡಬ್ಬಿ ಮಾತಾಡುತ್ತಿಲ್ಲ. ಪಿ24ಎಇ ಆ ಜಾತಿಯದು. ಇನ್ನೊಂದು, ಸೆನ್ಸರ್ ಚೆನ್ನಾಗಿದೆ, ಅದು ನಿಮಗೆ ಸುದ್ದಿ ಹೇಳುತ್ತಿದೆ ಎನ್ನುವುದು: ಫಿಲ್ಟರ್ ಮಸಿ ಬಿಡುತ್ತಿದೆ. ಪಿ2002 ಅಂದರೆ ಇದು. ಮೂರನೆಯದಾಗಿ ಪಿ2463 ಕಂಡರೆ ಅದು ಫಿಲ್ಟರ್ ತುಂಬಿದೆ ಎನ್ನುವ ಲೆಕ್ಕ, ಮಸಿ ಸೆನ್ಸರ್‌ಗೂ ಅದಕ್ಕೂ ಸಂಬಂಧವಿಲ್ಲ. ದೊಡ್ಡ ಲಾರಿಗಳಲ್ಲಿ ಕೋಡ್ ಎಸ್‌ಪಿಎನ್ ನಂಬರಿನಲ್ಲಿ ಬರುವುದು ಜಾಸ್ತಿ. 3251 ಅಂದರೆ ಡಿಪಿಎಫ್ ಒತ್ತಡದ ವ್ಯತ್ಯಾಸ, 3719 ಅಂದರೆ ಒಳಗೆ ತುಂಬಿದ ಮಸಿಯ ಶೇಕಡಾವಾರು. ಇವೆರಡರಲ್ಲಿ ಯಾವುದು ಬಂದರೂ ಮಸಿ ಸೆನ್ಸರ್ ಬಿಚ್ಚುವ ಕೆಲಸವಿಲ್ಲ.

ಒಂದು ಗಾಡಿಯ ಕಥೆ ಹೇಳುತ್ತೇನೆ. ಸಂಡೂರು ಕಡೆ ಅದಿರು ಹೊಡೆಯುವ ಟಿಪ್ಪರ್. ಲೈಟ್ ಬಂತು ಅಂತ ಒಂದು ವರ್ಕ್‌ಶಾಪ್‌ನಲ್ಲಿ ಮಸಿ ಸೆನ್ಸರ್ ಹೊಸದು ಹಾಕಿದರು. ವಾರದಲ್ಲಿ ಲೈಟ್ ವಾಪಸ್. ಸೆನ್ಸರ್ ಡೂಪ್ಲಿಕೇಟ್ ಇರಬೇಕು ಅಂತ ಇನ್ನೊಂದು ಹಾಕಿದರು. ಮತ್ತೆ ವಾಪಸ್. ಮೂರನೇ ಸಲ ಮಾಲೀಕರು ನನಗೆ ಫೋನ್ ಮಾಡಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಜಾಸ್ತಿ ಇತ್ತು. ಆ ತಿಂಗಳ ಕಂತು ಸೆನ್ಸರ್‌ಗೆ ಹೋಗಿತ್ತು.

ನಾನು ಹೋಗಿ ಮೊದಲು ಸ್ಕ್ಯಾನರ್ ಹಾಕಲಿಲ್ಲ. ಗಾಡಿ ಆರಿದ್ದಾಗ ಬಿಳಿ ಬನಿಯನ್ ಬಟ್ಟೆ ಬೆರಳಿಗೆ ಸುತ್ತಿ ಹೊಗೆ ಪೈಪಿನ ಒಳಗೆ ಒಂದು ಸುತ್ತು ತಿರುಗಿಸಿದೆ. ಫಿಲ್ಟರ್ ಸರಿ ಇರುವ ಬಿಎಸ್-6 ಗಾಡಿಯಲ್ಲಿ ಹೊರಗಿನ ಧೂಳು ಅಂಟಬಹುದು, ಅಷ್ಟೆ. ಈ ಬಟ್ಟೆ ಕಾಡಿಗೆ ಡಬ್ಬಿಗೆ ಅದ್ದಿದ ಹಾಗೆ ಬಂತು. ಮಾಲೀಕರಿಗೆ ತೋರಿಸಿದೆ. ಅವರೇ, "ಅಂದ್ರೆ ಸೆನ್ಸರ್ ನಿಜ ಹೇಳ್ತಾ ಇತ್ತಾ?" ಅಂದರು. ಹೌದು, ಮೂರೂ ಸೆನ್ಸರ್ ನಿಜವನ್ನೇ ಹೇಳುತ್ತಿದ್ದವು. ಫಿಲ್ಟರ್ ಬಿಚ್ಚಿ ಟಾರ್ಚ್ ಹಿಡಿದರೆ, ಆಚೆ ಬದಿಯಲ್ಲಿ ಅಂಗೈಯಗಲ ಕಪ್ಪು ಕಲೆ, ನಡುವೆ ಕೂದಲೆಳೆಯ ಬಿರುಕು. ಫಿಲ್ಟರ್ ಒಡೆದದ್ದು ಯಾಕೆ ಅಂತ ಹಿಂದಕ್ಕೆ ಹುಡುಕಿದರೆ, ಒಂದು ಇಂಜೆಕ್ಟರ್ ಡೀಸೆಲ್ ಸುರಿಯುತ್ತಿತ್ತು. ಆ ಇಂಜೆಕ್ಟರನ್ನು ಮೊದಲೇ ನೋಡಿದ್ದರೆ ಫಿಲ್ಟರ್ ಉಳಿಯುತ್ತಿತ್ತು.

ಲೈಟ್ ಇದ್ರೂ ಗಾಡಿ ಚೆನ್ನಾಗಿ ಎಳೀತಿದೆ. ಟ್ರಿಪ್ ಮುಗಿಸಿ ಬರಬಹುದಾ?

ಬರೀ ಚೆಕ್ ಲೈಟ್ ಇದ್ದು, ಪಿಕಪ್ ಸರಿಯಿದ್ದು, ಡಿಪಿಎಫ್ ಲೈಟ್ ಅಥವಾ ಕೆಂಪು ಲೈಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಲೋಡ್ ತಲುಪಿಸಿ ಬರಬಹುದು. ವಾಪಸ್ ಬಂದ ದಿನವೇ ತೋರಿಸಿ, ಮುಂದಿನ ಸರ್ವೀಸ್‌ವರೆಗೆ ತಳ್ಳಬೇಡಿ.

ಒಂದು ವಿಷಯ ಬೇರೆ ಮಾಡಿ ತಿಳಿಯಿರಿ. ಪಿಕಪ್ ಕತ್ತರಿಸುವುದು, ಆಮೇಲೆ ಗಂಟೆಗೆ 20 ಕಿಲೋಮೀಟರ್‌ಗೆ ಇಳಿಸುವುದು ನಿಯಮದಲ್ಲಿರುವುದು ನಾಕ್ಸ್ ಹತೋಟಿಗೆ. ನಾಕ್ಸ್ ಇಳಿಸಲು ಹೊಗೆಗೆ ಸಿಂಪಡಿಸುವ ಯೂರಿಯಾ ದ್ರವ ಖಾಲಿಯಾದರೆ, ಅದಕ್ಕೆ ನೀರು ಬೆರೆಸಿದರೆ ಅದು ಬರುತ್ತದೆ. ಮಸಿ ಸೆನ್ಸರ್‌ನಿಂದಲೇ ಗಾಡಿ ತೆವಳುತ್ತಿದೆ ಅಂತ ಯಾರಾದರೂ ಹೇಳಿದರೆ ಇನ್ನೊಂದು ಕೋಡ್ ಹುಡುಕಿ, ಸಿಕ್ಕೇ ಸಿಗುತ್ತದೆ.

ಎಮಿಷನ್ ಟೆಸ್ಟ್ ಪಾಸ್ ಆಗಿದೆ. ಮತ್ತೆ ಫಿಲ್ಟರ್ ಕೆಟ್ಟಿದೆ ಅಂದ್ರೆ ಹೇಗೆ ನಂಬೋದು?

ನಮ್ಮ ಪಿಯುಸಿ ಟೆಸ್ಟ್‌ನಲ್ಲಿ ಆಕ್ಸಿಲರೇಟರ್ ಒತ್ತಿಸಿ, ಹೊಗೆ ಬೆಳಕನ್ನು ಎಷ್ಟು ಮರೆ ಮಾಡುತ್ತದೆ ಅಂತ ಅಳೆಯುತ್ತಾರೆ. ಹಳೇ ಗಾಡಿಯ ಕರಿ ಹೊಗೆಗೆ ಅದು ಸರಿ. ಬಿರುಕು ಬಿಟ್ಟ ಡಿಪಿಎಫ್‌ನಿಂದ ಬರುವಷ್ಟು ಮಸಿ ಆ ಮೆಷಿನ್ನಿಗೆ ಕಾಣದೆಯೂ ಹೋಗಬಹುದು. ಯುರೋಪಿನಲ್ಲೂ ಇದೇ ತೊಂದರೆ ಇತ್ತು. ಅದಕ್ಕೇ ಬೆಲ್ಜಿಯಂ 2022ರ ಜುಲೈನಿಂದ, ನೆದರ್ಲೆಂಡ್ಸ್ 2023ರ ಜನವರಿಯಿಂದ, ಜರ್ಮನಿ 2023ರ ಜುಲೈನಿಂದ ಹೊಗೆಯ ಕಣಗಳನ್ನು ಎಣಿಸುವ ಟೆಸ್ಟ್ ತಂದವು. ಇಲ್ಲಿಯೂ ಅದು ಬರಲೇಬೇಕು ಅಂತ ನನ್ನ ಆಸೆ. ಅಲ್ಲಿಯವರೆಗೆ ಸರ್ಟಿಫಿಕೇಟ್ ಒಂದು ಕಡೆ, ಸೆನ್ಸರ್ ಒಂದು ಕಡೆ ಹೇಳಿದರೆ ನಾನು ಬಿಳಿ ಬಟ್ಟೆ ಹಾಕಿ ನೋಡುತ್ತೇನೆ.

## ಬಿಚ್ಚುವ ಮೊದಲು, ಹಾಕುವಾಗ

ಸೆನ್ಸರ್ ಬಿಚ್ಚಿ ಪೆಟ್ರೋಲ್‌ನಲ್ಲಿ ತೊಳೆದು ಹಾಕಬಹುದಾ?

ಬೇಡ. ಮಸಿ ಹಿಡಿದಿದ್ದರೆ ಅದು ತಾನೇ ಸುಟ್ಟುಕೊಳ್ಳುತ್ತದೆ, ನೀವು ತೊಳೆಯುವ ಅಗತ್ಯವೇ ಇಲ್ಲ. ಬ್ರಷ್ ಹಾಕಿದರೆ ಬಾಚಣಿಗೆಯ ಗೆರೆ ಹರಿಯುತ್ತದೆ. ದ್ರವ ಒಳಗೆ ಉಳಿದರೆ ಹೀಟರ್ ಹೊತ್ತಿದಾಗ ಸೆರಾಮಿಕ್ ಸೀಳುತ್ತದೆ. ಏರ್ ಗನ್ ಕೂಡ ತುದಿಗೆ ಹಿಡಿಯಬೇಡಿ. ಆಯಿಲ್ ಬೂದಿ ಗಟ್ಟಿಯಾಗಿ ಅಂಟಿದ್ದರೆ ಯಾವುದರಿಂದಲೂ ಹೋಗಲ್ಲ, ಬದಲಿಸಬೇಕು.

ಹೊಸದು ಹಾಕುವಾಗ ಏನೇನು ನೋಡ್ಕೋಬೇಕು?

ಮೊದಲು ವೋಲ್ಟೇಜ್. ದೊಡ್ಡ ಲಾರಿ 24 ವೋಲ್ಟ್, ಕಾರು 12. ಕಾರಿನ ಸೆನ್ಸರ್ ಕೂತುಕೊಂಡರೂ ಕೆಲಸಕ್ಕೆ ಬಾರದು.

ವೈರ್ ಕತ್ತರಿಸಿ ಜೋಡಿಸಬೇಡಿ. ಪ್ಲಗ್ಗಿಗೂ ಡಬ್ಬಿಗೂ ಫ್ಯಾಕ್ಟರಿಯಲ್ಲೇ ಲೆಕ್ಕ ಹೊಂದಿಸಿರುತ್ತಾರೆ. ಒಂದರ ಪ್ಲಗ್, ಇನ್ನೊಂದರ ಡಬ್ಬಿ ಸೇರಿಸಿದರೆ ಓದುವಿಕೆ ತಪ್ಪುತ್ತದೆ. ಹರಿಯುವ ಕರೆಂಟ್ ಅಷ್ಟು ಸಣ್ಣದಾದ್ದರಿಂದ ಟೇಪ್ ಸುತ್ತಿದ ಜಾಯಿಂಟ್‌ನ ತೇವ ಕೂಡ ಮಸಿ ಬಂದಂತೆ ತೋರಿಸಬಹುದು.

ತುದಿ ಕೆಳಮುಖವಾಗಿ ಓರೆಯಾಗಿರುವಂತೆ ಕಂಪನಿ ಕೊಟ್ಟ ಜಾಗದಲ್ಲೇ ಕೂರಿಸಿ, ಮ್ಯಾನ್ಯುಯಲ್‌ನ ಟಾರ್ಕ್‌ಗೆ ಬಿಗಿ ಮಾಡಿ. ಪೈಪಿನ ತಳಭಾಗದಲ್ಲಿ ಹೊಸ ತೂತು ಕೊರೆದು ಹಾಕಿದ್ದನ್ನೂ ನೋಡಿದ್ದೇನೆ. ಅಲ್ಲಿ ನೀರು ನಿಲ್ಲುತ್ತದೆ, ಸೆನ್ಸರ್ ಒಂದು ಮಳೆಗಾಲ ಬಾಳಲ್ಲ. ಕೆಳಗೆ ಬಿದ್ದ ಸೆನ್ಸರ್ ಹಾಕಬೇಡಿ, ಹೊರಗೆ ಏನೂ ಕಾಣದಿದ್ದರೂ ಒಳಗೆ ಸೆರಾಮಿಕ್ ಬಿರಿದಿರುತ್ತದೆ.

ಇನ್ನು ಬಾಡಿ ಕೆಲಸದವರಿಗೆ ಕೈಮುಗಿದು ಒಂದು ಮಾತು. ಚಾಸಿ ಮೇಲೆ ವೆಲ್ಡಿಂಗ್ ಮಾಡುವ ಮೊದಲು ಬ್ಯಾಟರಿ ಕಳಚಿ, ಇಸಿಯು ಮತ್ತು ಈ ಡಬ್ಬಿಗಳ ಕನೆಕ್ಟರ್ ಬಿಡಿಸಿ. ಟ್ರಾಲಿ ಬಾಡಿಗೆ ನಾಲ್ಕು ಟಾಕು ಹಾಕಿಸಿಕೊಂಡು ಬಂದ ಗಾಡಿಗಳಲ್ಲಿ ಮೂರು ಮೂರು ಸೆನ್ಸರ್ ಒಟ್ಟಿಗೆ ಸತ್ತದ್ದು ನೋಡಿದ್ದೇನೆ. ವಾಟರ್ ಸರ್ವೀಸ್ ಗನ್ನನ್ನು ಡಬ್ಬಿಯ ಕನೆಕ್ಟರ್ ಮೇಲೆ ಹಿಡಿಯುವುದೂ ಅಷ್ಟೇ ಕೆಟ್ಟದ್ದು.

ಹೊಸ ಸೆನ್ಸರ್ ಹಾಕಿದ್ವಿ. ಲೈಟ್ ಇನ್ನೂ ಹೋಗಿಲ್ಲ, ಪಾರ್ಟ್ ಸರಿಯಿಲ್ವಾ?

ಅವಸರ ಪಡಬೇಡಿ. ಸೆನ್ಸರ್ ಒಂದು ಪೂರ್ತಿ ಸುತ್ತು ಮುಗಿಸಬೇಕು: ಬಿಸಿಯಾಗಬೇಕು, ಸುಡಬೇಕು, ಆರಬೇಕು, ಅಳೆಯಬೇಕು. ಯಾರ್ಡಿನಲ್ಲಿ ಐಡಲ್ ಬಿಟ್ಟರೆ ಆ ಸುತ್ತು ಮುಗಿಯುವುದೇ ಇಲ್ಲ. ಲೋಡ್ ಹಾಕಿ ಹೈವೇಯಲ್ಲಿ ಒಂದೇ ಸಮನೆ ಓಡಿಸಿ. ಕೆಲವು ಗಾಡಿಗೆ ಸ್ಕ್ಯಾನರ್‌ನಲ್ಲಿ ಹಳೇ ಸೆನ್ಸರ್‌ನ ಲೆಕ್ಕ ಅಳಿಸುವ ಕೆಲಸವೂ ಇದೆ.

ಫಿಲ್ಟರ್ ಒಡೆಯೋದು ಯಾಕೆ? ಎಲ್ಲರೂ ಡ್ರೈವರ್ ತಪ್ಪು ಅಂತಾರೆ.

ಡ್ರೈವರ್ ಮೇಲೆ ಹಾಕುವುದು ಸುಲಭ, ಅದಕ್ಕೇ ಎಲ್ಲರೂ ಹಾಗೆ ಹೇಳುತ್ತಾರೆ. ನಾನು ಒಪ್ಪಲ್ಲ.

ಡಿಪಿಎಫ್ ಜೇನುಗೂಡಿನ ತರ ಇದೆ. ಸಣ್ಣ ಸಣ್ಣ ಚೌಕ ನಾಳಗಳು. ಒಂದರ ಬಾಯಿ ಈ ಕಡೆ ಮುಚ್ಚಿದ್ದರೆ ಪಕ್ಕದ್ದರ ಬಾಯಿ ಆ ಕಡೆ ಮುಚ್ಚಿದೆ. ಹೊಗೆ ಗೋಡೆಯ ಸೂಕ್ಷ್ಮ ರಂಧ್ರ ದಾಟಿಯೇ ಹೋಗಬೇಕು, ಮಸಿ ಗೋಡೆಯಲ್ಲೇ ಉಳಿಯುತ್ತದೆ. ಲೋಡ್ ಎಳೆಯುವಾಗ ಹೊಗೆ 250ರಿಂದ 400 ಡಿಗ್ರಿ ಇದ್ದರೆ ಸಾಕು, ನೈಟ್ರೋಜನ್ ಡೈಆಕ್ಸೈಡ್ ಸೇರಿ ಮಸಿ ನಿಧಾನಕ್ಕೆ ತಾನೇ ಉರಿಯುತ್ತದೆ. ಶಿರಾಡಿ ಹತ್ತುವ ಫುಲ್ ಲೋಡ್ ಲಾರಿಯ ಫಿಲ್ಟರ್ ಯಾರೂ ಕೇಳದೆಯೇ ಹಗುರಾಗುತ್ತದೆ. ಅದೇ ಗಾಡಿ ಊರೊಳಗೆ ನಿಂತು ನಿಂತು ಹೋದರೆ ಮಸಿ ಬೆಳೆಯುತ್ತದೆ. ಆಗ ಇಸಿಯು ಡೀಸೆಲ್ ಬಿಟ್ಟು 550ರಿಂದ 650 ಡಿಗ್ರಿಗೆ ಏರಿಸಿ ಸುಡುತ್ತದೆ. ಇದು ರೀಜನ್.

ಅಪಾಯ ಇರುವುದು ಇಲ್ಲಿ. ಮಸಿ ಲೆಕ್ಕಕ್ಕಿಂತ ಜಾಸ್ತಿ ತುಂಬಿದೆ, ರೀಜನ್ ಜೋರಾಗಿ ನಡೆಯುತ್ತಿದೆ. ಆ ಹೊತ್ತಿಗೆ ಟೋಲ್ ಬಂತು, ಗಾಡಿ ಐಡಲ್‌ಗೆ ಇಳಿಯಿತು. ಶಾಖವನ್ನು ಹೊತ್ತೊಯ್ಯುವ ಗಾಳಿ ಕಡಿಮೆಯಾಯಿತು. ಆದರೆ ಐಡಲ್ ಹೊಗೆಯಲ್ಲಿ ಆಮ್ಲಜನಕ ಜಾಸ್ತಿ. ಒಳಗಿನ ಬೆಂಕಿ 1000 ಡಿಗ್ರಿ ದಾಟಬಹುದು. ಒಂದು ಕಡೆ ಕೆಂಡ, ಇನ್ನೊಂದು ಕಡೆ ತಣ್ಣಗೆ. ಬಿಸಿ ಗಾಜಿನ ಲೋಟಕ್ಕೆ ತಣ್ಣೀರು ಬಿದ್ದ ಹಾಗೆ ಬಿರಿಯುತ್ತದೆ.

ಈಗ ಹೇಳಿ, ಟೋಲ್‌ನಲ್ಲಿ ನಿಲ್ಲದೆ ಡ್ರೈವರ್ ಏನು ಮಾಡಬೇಕು? ಅವನ ಕೈಯಲ್ಲಿರುವುದು ಸ್ವಲ್ಪ. ರೀಜನ್ ಲೈಟ್ ಬಂದಾಗ ಸಾಧ್ಯವಾದರೆ ಮುಗಿಯುವವರೆಗೆ ಓಡಿಸಲಿ. ಡಿಪಿಎಫ್ ಲೈಟ್ ಮಿನುಗಿದ ಮೇಲೂ ಸ್ವಿಚ್‌ನಿಂದ ತಡೆಹಿಡಿದು ದಿನ ತಳ್ಳದಿರಲಿ. ಆದರೆ ಮಸಿ ಅಷ್ಟು ತುಂಬಿದ್ದು ಯಾಕೆ ಎನ್ನುವುದು ವರ್ಕ್‌ಶಾಪಿನ ಪ್ರಶ್ನೆ, ಮಾಲೀಕರ ಪ್ರಶ್ನೆ. ಏರ್ ಫಿಲ್ಟರ್ ಕಟ್ಟಿದೆಯಾ, ಟರ್ಬೋ ಹೋಸ್ ಸೀಳಿದೆಯಾ, ಹೊಗೆಯನ್ನು ವಾಪಸ್ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಸಿಕ್ಕಿಕೊಂಡಿದೆಯಾ, ಇಂಜೆಕ್ಟರ್ ಸೋರುತ್ತಿದೆಯಾ, ಟರ್ಬೋ ಆಯಿಲ್ ಬಿಡುತ್ತಿದೆಯಾ? ಸಿಕೆ-4 ದರ್ಜೆಯ ಕಡಿಮೆ ಬೂದಿಯ ಆಯಿಲ್ ಬದಲು ಅಗ್ಗದ್ದು ಹಾಕಿದ್ದು ಯಾರು? ಮಸಿ ಸುಡುತ್ತದೆ, ಆಯಿಲ್‌ನ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ.

ಕ್ಲೀನಿಂಗ್ ಹೆಸರಲ್ಲಿ ಫಿಲ್ಟರ್‌ಗೆ ಪ್ರೆಶರ್ ನೀರು ಬಿಟ್ಟು ಒಡೆಯುವವರೂ ಇದ್ದಾರೆ. ಆ ಲೆಕ್ಕವೂ ಡ್ರೈವರ್ ಖಾತೆಗೇ ಹೋಗುತ್ತದೆ. ಇದು ಅನ್ಯಾಯ.

ಡಿಪಿಎಫ್ ತೆಗೆಸಿ, ಸೆನ್ಸರನ್ನ ಸಾಫ್ಟ್‌ವೇರ್‌ನಲ್ಲಿ ಆಫ್ ಮಾಡಿಸಿದ್ರೆ ತಲೆನೋವೇ ಇಲ್ಲ ಅಂತಾರಲ್ಲ?

ನಾನು ಆ ಕೆಲಸ ಮಾಡಲ್ಲ, ಮಾಡಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ ಅನುಮತಿಯಿಲ್ಲದೆ ಗಾಡಿ ಬದಲಾಯಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ವಾರಂಟಿ ಹೋಗುತ್ತದೆ, ಮುಂದೆ ಗಾಡಿ ಮಾರುವಾಗಲೂ ತೊಂದರೆ.

ಅದೆಲ್ಲಕ್ಕಿಂತ ಮುಖ್ಯ, ಆ ಇಂಜೆಕ್ಟರ್ ಇನ್ನೂ ಸೋರುತ್ತಲೇ ಇರುತ್ತದೆ. ಹೇಳುವವನ ಬಾಯಿ ಮುಚ್ಚಿಸಿದ್ದೀರಿ, ಅಷ್ಟೆ. ಪಿಸ್ಟನ್ ಹೋಗುವವರೆಗೆ ನಿಮಗೆ ಗೊತ್ತಾಗಲ್ಲ.

## ಇನ್ನೂ ಒಳಗೆ

ಲೈವ್ ಡೇಟಾದಲ್ಲಿ ಮಿಲಿಗ್ರಾಂ ಕಾಣಲ್ಲ. ಮತ್ತೆ ಫಿಲ್ಟರ್ ಕೆಟ್ಟಿದೆ ಅಂತ ಇಸಿಯು ಹೇಗೆ ತೀರ್ಮಾನ ಮಾಡುತ್ತೆ?

ಇದು ತಕ್ಕಡಿ ಅಲ್ಲ, ಗಡಿಯಾರ. ಪಟ್ಟಿ ಸುಟ್ಟು ಶುದ್ಧವಾದ ಕ್ಷಣದಿಂದ, ಕರೆಂಟ್ ಒಂದು ಗಡಿ ದಾಟುವವರೆಗೆ ಎಷ್ಟು ಹೊತ್ತು ಅಂತ ನೋಡುತ್ತದೆ. ಮೊದಮೊದಲು ಕರೆಂಟ್ ಸೊನ್ನೆಯೇ ಇರುತ್ತದೆ. ಮಸಿ ಕೂರುತ್ತಿದೆ, ಸೇತುವೆ ಇನ್ನೂ ಮುಟ್ಟಿಲ್ಲ. ಹಾಗಾಗಿ ಲೈವ್ ಡೇಟಾದಲ್ಲಿ ಸೊನ್ನೆ ಕಂಡು ಸೆನ್ಸರ್ ಸತ್ತಿದೆ ಅನ್ನಬೇಡಿ. ಸೇತುವೆ ಮುಟ್ಟಿದ ಮೇಲೆ ಸರಸರ ಏರುತ್ತದೆ.

ಇಸಿಯು ಅದೇ ಹೊತ್ತಿನಲ್ಲಿ ಇನ್ನೊಂದು ಲೆಕ್ಕ ಹಾಕುತ್ತಿರುತ್ತದೆ. ಈ ವೇಗ, ಈ ಲೋಡ್, ಈ ತಾಪದಲ್ಲಿ ಎಂಜಿನ್ ಇಷ್ಟು ಮಸಿ ಬಿಟ್ಟಿರಬೇಕು. ಫಿಲ್ಟರ್ ನಿಯಮದ ಅಂಚಿಗೆ ಬಂದಿದ್ದರೆ ಈ ಗಡಿ ದಾಟಲು ಇಷ್ಟು ಹೊತ್ತು ಬೇಕಿತ್ತು. ಆ ಅಂಚು ಯುರೋಪಿನ ನಿಯಮವಾದ ಯೂರೋ-6ರಲ್ಲಿ ಕಿಲೋವಾಟ್ ಅವರ್‌ಗೆ 25 ಮಿಲಿಗ್ರಾಂ. ನಿಜವಾದ ಹೊತ್ತು ಅದಕ್ಕಿಂತ ಕಡಿಮೆ ಆದರೆ ಫಿಲ್ಟರ್ ಫೇಲ್.

ಇದರಿಂದ ಒಂದು ಮಾತು ಹೊರಡುತ್ತದೆ. ಏರ್‌ಫ್ಲೋ ಸೆನ್ಸರೋ ತಾಪದ ಸೆನ್ಸರೋ ಸುಳ್ಳು ಹೇಳುತ್ತಿದ್ದರೆ ಇಸಿಯುವಿನ ಲೆಕ್ಕವೂ ಸುಳ್ಳಾಗುತ್ತದೆ. ಬಟ್ಟೆ ಬೆಳ್ಳಗಿದ್ದು ಪಿ2002 ಬಂದರೆ ಅವನ್ನು ನೋಡಿ.

ಮಳೆಗಾಲದ ಬೆಳಿಗ್ಗೆ ಎಷ್ಟು ಹೊತ್ತಾದ್ರೂ ಸೆನ್ಸರ್ ಕೆಲಸ ಶುರು ಮಾಡಲ್ಲ. ಯಾಕೆ?

ಬೇಕಂತಲೇ. ತಣ್ಣನೆ ಪೈಪಿನಲ್ಲಿ ಹೊಗೆಯ ಆವಿ ನೀರಾಗಿ ಇಳಿಯುತ್ತದೆ. 600 ಡಿಗ್ರಿ ಕಾದ ಸೆರಾಮಿಕ್ ಮೇಲೆ ಒಂದು ಹನಿ ಬಿದ್ದರೆ ಅದು ಸೀಳುತ್ತದೆ. ಪೈಪು ಪೂರ್ತಿ ಒಣಗಿದೆ ಅಂತ ಇಸಿಯು ಲೆಕ್ಕ ಹಾಕಿ ಒಪ್ಪಿಗೆ ಕೊಡುವವರೆಗೆ ಹೀಟರ್ ಜೋರು ಮಾಡುವುದಿಲ್ಲ. ಒಪ್ಪಿಗೆ ಬರುವಷ್ಟರಲ್ಲಿ ಗಾಡಿ ಆಫ್ ಆದರೆ ಮತ್ತೆ ಮೊದಲಿನಿಂದ. ದಿನವಿಡೀ ಸಣ್ಣ ಸಣ್ಣ ದೂರ ಓಡುವ ಗಾಡಿಯಲ್ಲಿ ಸೆನ್ಸರ್ ದಿನಗಟ್ಟಲೆ ಒಂದು ಅಳತೆಯನ್ನೂ ಮುಗಿಸದೆ ಇರಬಹುದು.

ಫಿಲ್ಟರ್ ಒಳಗಿನ ಮಸಿಯನ್ನೇ ನೇರವಾಗಿ ಅಳೆಯೋ ಸೆನ್ಸರ್ ಇಲ್ವಾ?

ಇದೆ. ಫಿಲ್ಟರ್‌ನ ಲೋಹದ ಡಬ್ಬದೊಳಗೆ ರೇಡಿಯೋ ಅಲೆ ಬಿಡುತ್ತಾರೆ. ಮಸಿ ಆ ಅಲೆಯನ್ನು ಹೀರುತ್ತದೆ. ಎಷ್ಟು ಹೀರಿತು ಅಂತ ನೋಡಿ ಎಷ್ಟು ಮಸಿ ಇದೆ ಅಂತ ಹೇಳುತ್ತದೆ. ಬಾಸ್ಟನ್‌ನ ಒಂದು ಸಣ್ಣ ಕಂಪನಿ ಬೆಳೆಸಿದ ಈ ವಿದ್ಯೆಯನ್ನು ಸಿಟಿಎಸ್ ಎಂಬ ಅಮೆರಿಕದ ಕಂಪನಿ 2015ರಲ್ಲಿ ಕೊಂಡುಕೊಂಡಿತು. ಒತ್ತಡದ ಸೆನ್ಸರ್‌ಗೆ ಐಡಲ್‌ನಲ್ಲಿ ಕಣ್ಣು ಮಂಜಾಗುತ್ತದೆ, ಇದಕ್ಕೆ ಹಾಗಿಲ್ಲ.

ಹೊರಗೆ ಬರುವ ಮಸಿಗೂ ಇನ್ನೊಂದು ದಾರಿ ಇದೆ. ಕಣಗಳಿಗೆ ವಿದ್ಯುತ್ ಚಾರ್ಜ್ ಕೊಟ್ಟು, ಅವು ಎಷ್ಟು ಚಾರ್ಜ್ ಹೊತ್ತೊಯ್ದವು ಅಂತ ಅಳೆಯುವುದು. ಫಿನ್ಲೆಂಡಿನ ಪೆಗಾಸೋರ್ ಈ ತರದ್ದು ಮಾಡುತ್ತದೆ. ತುಂಬುವುದು, ಸುಡುವುದು ಇಲ್ಲ, ಕ್ಷಣಕ್ಷಣಕ್ಕೂ ಓದಬಹುದು. ನಮ್ಮ ರಸ್ತೆಯ ಲಾರಿಗಳಲ್ಲಿ ನಾನು ಬಿಚ್ಚಿ ನೋಡಿದ್ದೆಲ್ಲ ಬಾಚಣಿಗೆಯ ತರದ್ದೇ.

ಇದರ ಕಣ್ಣಿಗೂ ಬೀಳದ್ದು ಏನಾದ್ರೂ ಇದೆಯಾ?

ಇದೆ. ಇದು ಕೂತ ಮಸಿಯನ್ನು ನೋಡುತ್ತದೆ, ಕಣಗಳನ್ನು ಎಣಿಸುವುದಿಲ್ಲ. ತೀರಾ ಸಣ್ಣ ಕಣಗಳು ಲಕ್ಷಗಟ್ಟಲೆ ಇದ್ದರೂ ತೂಕ ಕಡಿಮೆ, ಸೇತುವೆ ಬೇಗ ಕಟ್ಟುವುದಿಲ್ಲ. ಬಿಎಸ್-6ರಲ್ಲಿ ಬದಲಾಗುವ ಲೋಡಿನ ಟೆಸ್ಟ್‌ನಲ್ಲಿ ಕಣಗಳ ಸಂಖ್ಯೆಗೂ ಕಿಲೋವಾಟ್ ಅವರ್‌ಗೆ ಅರವತ್ತು ಸಾವಿರ ಕೋಟಿ ಎಂಬ ಮಿತಿ ಇದೆ, ಆದರೆ ಅದನ್ನು ಎಣಿಸುವುದು ಲ್ಯಾಬ್ ಮೆಷಿನ್. ಆ ಮೆಷಿನ್ 23 ನ್ಯಾನೋಮೀಟರ್‌ನಿಂದ ಎಣಿಸುತ್ತಿತ್ತು. 2024ರಲ್ಲಿ ಯುರೋಪ್ ಒಪ್ಪಿದ ಯೂರೋ-7 ನಿಯಮ ಅದನ್ನು 10ಕ್ಕೆ ಇಳಿಸಿದೆ.

ಆಯಿಲ್ ಹೊಗೆ, ಯೂರಿಯಾದ ಬಿಳಿ ಹರಳು, ಬೂದಿ ಇವೆಲ್ಲ ಕರೆಂಟ್ ಹರಿಸುವುದಿಲ್ಲ. ಅವು ಮಸಿಯ ಹಾಗೆ ಕಾಣುವುದೂ ಇಲ್ಲ. ಪಟ್ಟಿಯ ಮೇಲೆ ಬಳಿದುಕೊಂಡರೆ ಸೆನ್ಸರ್ ನಿಧಾನಕ್ಕೆ ಕುರುಡಾಗುತ್ತದೆ. ಹೊಗೆಯ ವೇಗ ತುಂಬಾ ಜಾಸ್ತಿಯಾದರೆ ಕಟ್ಟಿದ ಸೇತುವೆ ಹಾರಿಯೂ ಹೋಗಬಹುದು. ಅದಕ್ಕೇ ಸರ್ವೀಸ್‌ಗೆ ಬಂದ ಪ್ರತಿ ಗಾಡಿಗೂ, ಲೈಟ್ ಇರಲಿ ಇಲ್ಲದಿರಲಿ, ಎಂಜಿನ್ ಆರಿದ ಮೇಲೆ ನಾನು ಪೈಪಿಗೆ ಆ ಬಿಳಿ ಬಟ್ಟೆ ಹಾಕುತ್ತೇನೆ. ಅರ್ಧ ನಿಮಿಷದ ಕೆಲಸ. ಬಟ್ಟೆಯ ಮೇಲೆ ಗಾಡಿ ನಂಬರ್, ತಾರೀಕು ಬರೆದು ಜಾಬ್ ಕಾರ್ಡಿಗೆ ಪಿನ್ ಮಾಡುತ್ತೇನೆ. ಮುಂದಿನ ಸಲ ಗಾಡಿ ಬಂದಾಗ ಎರಡೂ ಬಟ್ಟೆ ಪಕ್ಕಪಕ್ಕ ಇಟ್ಟು ನೋಡುತ್ತೇನೆ.